ಬದಲಾಗುವ ಸಂಖ್ಯೆಯ ಬೆನ್ನಟ್ಟಿ

ಪ್ರೋಟಾನಿನೊಳಗೆ ಕ್ವಾರ್ಕುಗಳನ್ನು ಹಿಡಿದಿಡುವ ಪ್ರಬಲ ಬಲದ ತೀವ್ರತೆಯನ್ನು, ಅಂದರೆ ಕಪ್ಲಿಂಗನ್ನು, ಭೌತವಿಜ್ಞಾನಿಗಳು ಆಲ್ಫಾ-ಎಸ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಶಕ್ತಿ ಏರಿದಂತೆ ಈ ಸಂಖ್ಯೆ ಇಳಿಯುತ್ತದೆ: ಟೌ ಕಣದ ಮಟ್ಟದಲ್ಲಿ ಸುಮಾರು ಮೂರನೇ ಒಂದು, ಝಡ್ ಕಣದ ಮಟ್ಟದಲ್ಲಿ 0.118ರ ಆಸುಪಾಸು. ಈ ಇಳಿತವನ್ನು 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ತೋರಿಸಿಕೊಟ್ಟರು. ಆದರೆ ಸಿದ್ಧಾಂತ ಹೇಳುವುದು ಇಳಿಯುವ ಬಗೆಯನ್ನು ಮಾತ್ರ. ಬೆಲೆಯನ್ನು ಅಳೆದೇ ತಿಳಿಯಬೇಕು.

ಬಲ ಹೆಚ್ಚಿರುವಲ್ಲಿ ಕಾಗದದ ಲೆಕ್ಕ ಕೈಕೊಡುತ್ತದೆ. ಅದಕ್ಕೇ 1974ರಲ್ಲಿ ಕೆನೆತ್ ವಿಲ್ಸನ್ ದೇಶಕಾಲವನ್ನೇ ಬಿಂದುಗಳ ಜಾಲಕವಾಗಿ ಕಲ್ಪಿಸಿಕೊಂಡರು. ಆ ದಶಕದ ಕೊನೆಯಲ್ಲಿ ಮೈಕೆಲ್ ಕ್ರೂಟ್ಸ್, ಬದಿಗೆ ಹತ್ತೇ ಬಿಂದುಗಳ ಪುಟ್ಟ ಜಾಲಕವನ್ನು ಕಂಪ್ಯೂಟರಿಗೆ ಹಾಕಿ, ಈ ದಾರಿ ನಡೆಯುತ್ತದೆ ಎಂದು ತೋರಿಸಿದರು. ಜಾಲಕದ ಅಳತೆ ಬದಲಾದರೆ ಕಪ್ಲಿಂಗ್ ಹೇಗೆ ಬದಲಾಗುತ್ತದೆ ಎಂದು 1984ರಲ್ಲಿ ಲೆಕ್ಕ ಹಾಕಿದ ತಂಡದಲ್ಲಿ ರಾಜನ್ ಗುಪ್ತ, ಅಪೂರ್ವ ಪಟೇಲ್ ಇದ್ದರು. ಪಟೇಲರು ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ನಿಜವಾದ ಆಲ್ಫಾ-ಎಸ್ ಮೌಲ್ಯಕ್ಕೆ ಕೈಹಾಕಿದ್ದು 1992ರಲ್ಲಿ ಫರ್ಮಿಲ್ಯಾಬಿನ ಎಲ್-ಖಾದ್ರಾ ಮತ್ತು ಸಂಗಡಿಗರು. ಚಾರ್ಮ್ ಕ್ವಾರ್ಕ್ ಜೋಡಿಯ ಶಕ್ತಿಮಟ್ಟಗಳಿಂದ ಅವರಿಗೆ ದಕ್ಕಿದ್ದು 0.105, ಅನಿಶ್ಚಿತತೆ 0.004. ನಿರ್ವಾತದಲ್ಲಿ ಹುಟ್ಟಿ ಅಳಿಯುವ ಕ್ವಾರ್ಕುಗಳನ್ನು ಆಗಿನ ಯಂತ್ರಗಳು ನೇರವಾಗಿ ಲೆಕ್ಕಕ್ಕೆ ತರಲಾರದೆ ಹೋದವು. ಅದರ ಬದಲಿಗೆ ಮಾಡಿದ ಅಂದಾಜಿನ ತಿದ್ದುಪಡಿ ಸಾಲದೆ ಬೆಲೆ ಕೆಳಗೇ ಉಳಿಯಿತು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪ್ರೋಟಾನ್ ಸರಾಗವಾಗಿ ಹಿಡಿಸಬೇಕಾದರೆ ಜಾಲಕದ ಪೆಟ್ಟಿಗೆಯ ಬದಿ ಮೂರು ಫರ್ಮಿಯಾದರೂ (ಫರ್ಮಿ ಎಂದರೆ ಪ್ರೋಟಾನಿನಂಥ ಕಣಗಳ ಗಾತ್ರ ಅಳೆಯುವ ಮಾನ) ಇರಬೇಕು. ಝಡ್ ಕಣದ ಶಕ್ತಿ ಮುಟ್ಟಲು ಬಿಂದುಗಳ ನಡುವಿನ ಅಂತರ ಒಂದು ಫರ್ಮಿಯ ಐನೂರನೇ ಒಂದು ಭಾಗಕ್ಕೆ ಇಳಿಯಬೇಕು. ಎರಡನ್ನೂ ಒಂದೇ ಜಾಲಕದಲ್ಲಿ ಸಾಧಿಸ ಹೊರಟರೆ ನಾಲ್ಕು ಆಯಾಮಗಳಲ್ಲಿ ಸುಮಾರು 5 ಲಕ್ಷ ಕೋಟಿ ಬಿಂದುಗಳು ಬೇಕು. ಲ್ಯೂಷರ್, ವೈಸ್, ವೋಲ್ಫ್ 1991ರಲ್ಲೇ ಉಪಾಯ ಹೂಡಿದ್ದರು: ಪೆಟ್ಟಿಗೆಯ ಗಾತ್ರವನ್ನೇ ಅಳತೆಗೋಲು ಮಾಡಿಕೊಳ್ಳಿ, ಗಾತ್ರ ದುಪ್ಪಟ್ಟಾದರೆ ಕಪ್ಲಿಂಗ್ ಎಷ್ಟು ಬದಲಾಗುತ್ತದೆಂದು ನೋಡಿ, ಮತ್ತೆ ದುಪ್ಪಟ್ಟು ಮಾಡಿ. ಹಲವು ಚಿಕ್ಕ ಲೆಕ್ಕಗಳ ಸರಪಳಿ ಆ ಒಂದು ಅಸಾಧ್ಯ ಲೆಕ್ಕದ ಜಾಗಕ್ಕೆ ಬಂತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಜಾಣ ಹೆಜ್ಜೆ ಇದೇ. ಸೂಪರ್‌ಕಂಪ್ಯೂಟರುಗಳ ಸದ್ದಿನಲ್ಲಿ ಅದನ್ನು ಮರೆಯುತ್ತೇವೆ. ಅದೇ ದಾರಿ ಹಿಡಿದ ಆಲ್ಫಾ ತಂಡ 2017ರಲ್ಲಿ 0.1185 ಎಂದಿತು, ಅನಿಶ್ಚಿತತೆ 0.0008. ಜಾಲಕ ಲೆಕ್ಕಗಳನ್ನು ಒರೆಗೆ ಹಚ್ಚುವ ಫ್ಲ್ಯಾಗ್ ಗುಂಪಿನ 2021ರ ಸರಾಸರಿ 0.1184.

ಬೊಮ್ಮನಹಳ್ಳಿಯ ನಾವು ಸಿಲ್ಕ್ ಬೋರ್ಡ್ ದಾಟಿ ಊರಿನ ಇನ್ನೊಂದು ತುದಿಗೆ ಹೋದರೆ ಸಿಗುವ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಅನಂತನಾರಾಯಣ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಟೌ ಕಣದ ಕ್ಷಯದಿಂದ ಆಲ್ಫಾ-ಎಸ್ ತೆಗೆಯುವಾಗ ಲೆಕ್ಕದ ಪದಗಳ ಶ್ರೇಣಿಯನ್ನು ಹೇಗೆ ಕೂಡಿಸಬೇಕೆಂಬುದು ಅವರ ಪ್ರಶ್ನೆ. ಪೆನ್ನು ಕಾಗದದ ಈ ಕೆಲಸ ಜಾಲಕದವರಿಗೂ ಬೇಕಾದದ್ದೇ. ಜಾಲಕದವರ ಹಲವು ವಿಧಾನಗಳಲ್ಲಿ ಉಳಿದಿರುವ ದೋಷದ ದೊಡ್ಡ ಪಾಲು ಮೊಟಕಾದ ಶ್ರೇಣಿಯದು. ಅಲ್ಲಿ ಜಾಲಕದ ಕೆಲಸವೂ ಇದೆ, ಆದರೆ ಬೇರೆ ಪ್ರಶ್ನೆಯ ಮೇಲೆ: ಅಲ್ಲಿನ ಪ್ರಸಾದ್ ಹೆಗ್ಡೆ ಅವರೂ ಸೇರಿದ್ದ ಹಾಟ್‌ಕ್ಯೂಸಿಡಿ ತಂಡ, ಕಾದ ಕ್ವಾರ್ಕ್ ದ್ರವ್ಯದ ಸಂಕ್ರಮಣ ತಾಪವನ್ನು 156.5 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದು ಗೊತ್ತುಮಾಡಿತು.

2022ರಿಂದ ಆ ಸಂಸ್ಥೆಯ ಆವರಣದಲ್ಲಿ 3.3 ಪೆಟಾಫ್ಲಾಪಿನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಇದೆ. ಅದರ ಒಂದಿಷ್ಟು ಹೊತ್ತು ಆಲ್ಫಾ-ಎಸ್‌ಗೂ ಸಿಗಲಿ.