ಅಪ್ಪನ ಸೊಂಟ, ಮೆಚ್ನಿಕೋಫರ ಮುಳ್ಳು

ಕಳಸದ ನಮ್ಮ ತೋಟದಲ್ಲಿ ಕಾಳುಮೆಣಸು ಕೊಯ್ಯುವಾಗ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದು ಹದಿನೈದು ವರ್ಷದ ಹಿಂದೆ. ಕೃತಕ ಕೀಲು ಹಾಕಿದರು. ಈಗ ಅದು ಸಡಿಲಾಗಿದೆ. ಎಕ್ಸ್‌ರೇಯಲ್ಲಿ ಲೋಹದ ಸುತ್ತ ಮೂಳೆ ಕರಗಿ ಕಪ್ಪಗೆ ಕಾಣುತ್ತೆ. "ಸೋಂಕಿಲ್ಲ, ಮತ್ತೆ ಬಿದ್ದೂ ಇಲ್ಲ, ಮೂಳೆ ಯಾಕೆ ಮಾರಾಯ ಕರಗೋದು?" ಅಂತ ಅಪ್ಪ ಕೇಳಿದರು. ಬಗ್ ಹುಡುಕೋದೇ ಹೊಟ್ಟೆಪಾಡಾದ ನಾನು, ಹಳೇ ಲಾಗ್ ತೆಗೆದು ನೋಡುವ ಹಾಗೆ ಹಿಂದಕ್ಕೆ ಹೋದೆ.

ಕತೆ ಶುರುವಾಗೋದು ಒಂದು ಮುಳ್ಳಿನಿಂದ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ಇಲ್ಯಾ ಮೆಚ್ನಿಕೋಫ್, ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಮುಳ್ಳು ಚುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಅಲೆದಾಡುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ತೋಟದಲ್ಲಿ ಕಾಲಿಗೆ ಮುಳ್ಳು ಮುರಿದು ಎರಡು ದಿನಕ್ಕೆ ಕೀವು ಕಟ್ಟೋದನ್ನು ಕಂಡವರಿಗೆ ಇದೇನು ಹೊಸದಲ್ಲ. ಆದರೆ ಅಲ್ಲಿ ಸೇರಿದ್ದು ದೇಹದ ಕಾವಲುಗಾರರು ಅಂತ ಹೇಳಿದ್ದು ಅವರು. ಹೊರಗಿನದನ್ನು ನುಂಗುವ ದೊಡ್ಡ ಕೋಶಕ್ಕೆ ಮ್ಯಾಕ್ರೊಫೇಜ್ ಎಂದು ಹೆಸರಿಟ್ಟವರೂ ಅವರೇ. 1908ರಲ್ಲಿ ನೊಬೆಲ್ ಬಂತು.

ಕೀಲು ಮಾಡುವವರಿಗೆ ಈ ಮಾತು ತಟ್ಟಲು ತುಂಬಾ ಕಾಲ ಹಿಡಿಯಿತು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಗೆ ಸೊಂಟದ ಕೀಲಿನ ಬಟ್ಟಲಿಗೆ ಟೆಫ್ಲಾನ್ ಬಳಸಿದರು. ನಮ್ಮ ದೋಸೆ ಕಾವಲಿಯ ಮೇಲಿರುವ ಅದೇ ಟೆಫ್ಲಾನ್. ಯಾವುದಕ್ಕೂ ಅಂಟಲ್ಲ, ಯಾವುದರ ಜತೆಗೂ ಬೆರೆಯಲ್ಲ, ದೇಹದ ತಂಟೆಗೂ ಹೋಗಲ್ಲ ಅನ್ನೋ ಲೆಕ್ಕ. ಸುಮಾರು 300 ಜನರಿಗೆ ಹಾಕಿದರು. ಮೊದಮೊದಲು ಆರಾಮಾಗಿ ಓಡಾಡಿದವರು ಕೆಲವೇ ವರ್ಷದಲ್ಲಿ ನೋವು ಅಂತ ವಾಪಸ್ ಬಂದರು. ಟೆಫ್ಲಾನ್ ತೇಯ್ದು ಪುಡಿಯಾಗಿತ್ತು. ಪುಡಿಯ ಸುತ್ತ ಗಡ್ಡೆಯಂತೆ ಬೆಳೆದು ಮೂಳೆ ಹಾಳಾಗಿತ್ತು. ಚಾರ್ನ್ಲಿ ತಮ್ಮ ತೊಡೆಗೇ ಟೆಫ್ಲಾನ್ ಸೇರಿಸಿಕೊಂಡು ನೋಡಿದರು. ಅಲ್ಲೂ ಗಂಟು. ಕೆಟ್ಟ ಕೀಲುಗಳನ್ನು ತಾವೇ ಬಿಚ್ಚಿ ಬದಲಿಸಿದರು. ನಾವಾದರೆ ರೋಲ್‌ಬ್ಯಾಕ್ ಒತ್ತಿ ಕಾಫಿಗೆ ಹೋಗ್ತೀವಿ.

1962ರಲ್ಲಿ ಬಂದ ಪಾಲಿಥಿಲೀನ್ ಬಟ್ಟಲು ಗೆದ್ದಿತು. ಅದೂ ಸವೆಯುತ್ತೆ, ನಿಧಾನಕ್ಕೆ. ಕೀಲು ಕೂರಿಸುವ ಸಿಮೆಂಟೇ ಮೂಳೆ ಕರಗಿಸುತ್ತದೆ ಅಂತ 1980ರ ದಶಕದಲ್ಲೂ ಬೈದರು, "ಸಿಮೆಂಟ್ ರೋಗ" ಅಂತ ಹೆಸರನ್ನೂ ಇಟ್ಟರು. ಸಿಮೆಂಟಿಲ್ಲದ ಕೀಲುಗಳ ಸುತ್ತಲೂ ಮೂಳೆ ಕರಗಿತಲ್ಲ! ಜರ್ಮನಿಯ ವಿಲ್ಲರ್ಟ್ 1977ರಲ್ಲೇ ಪುಡಿಯ ಕಡೆ ಬೆರಳು ತೋರಿಸಿದ್ದರು. ಕಣ್ಣಿಗೆ ಕಾಣದ ಪುಡಿಯನ್ನು ಮ್ಯಾಕ್ರೊಫೇಜ್ ನುಂಗುತ್ತದೆ, ಅರಗಿಸಲಾಗದೆ ಕೂಗು ಹಾಕುತ್ತದೆ. ಆ ಕೂಗಿಗೆ ಮೂಳೆ ಕರಗಿಸುವ ಕೋಶಗಳು ಎದ್ದು ಬರುತ್ತವೆ. ಅಪ್ಪನ ಎಕ್ಸ್‌ರೇಯ ಕಪ್ಪು ಬಹುಶಃ ಇದೇ.

ಹಾಗಂತ ಕಾವಲುಗಾರರನ್ನು ಮಲಗಿಸಿಬಿಟ್ಟರೂ ಆಗಲ್ಲ. ಮೂಳೆ ಮುರಿದ ಮೊದಲ ದಿನಗಳ ಊತ, ಕಾವು ಇಲ್ಲದಿದ್ದರೆ ಅದು ಸರಿಯಾಗಿ ಕೂಡಿಕೊಳ್ಳಲ್ಲ. ಮೊದಲು ಜಗಳಕ್ಕೆ ನಿಂತ ಮ್ಯಾಕ್ರೊಫೇಜ್‌ಗಳೇ ಆಮೇಲೆ ಸ್ವಭಾವ ಬದಲಿಸಿ, ಮೂಳೆ ಕಟ್ಟುವ ಕೋಶಗಳನ್ನು ಕರೆಯುತ್ತವೆ. ಆದ್ದರಿಂದ ಈಗ ಮೂಳೆ ಬೆಳೆಸುವ ವಸ್ತು ಮಾಡುವವರು ಮೇಲ್ಮೈಯ ಒರಟುತನ, ರಂಧ್ರಗಳ ಅಳತೆ ಎಲ್ಲವನ್ನೂ ಈ ಬದಲಾವಣೆ ಹೊತ್ತಿಗೆ ಸರಿಯಾಗಿ ಆಗಲಿ ಅಂತ ಹೊಂದಿಸುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಕೆಲಸ ನಡೆದಿದೆ. ನನಗೆ ಮಜಾ ಅನ್ನಿಸಿದ್ದು ಟೈಟಾನಿಯಂ ಕತೆ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಮೊಲದ ಕಾಲಿಗಿಟ್ಟ ಟೈಟಾನಿಯಂ ತೆಗೆಯಲು ಹೋದಾಗ ಅದು ಮೂಳೆಗೆ ಕಚ್ಚಿಕೊಂಡಿತ್ತು. ದೇಹ ಒಪ್ಪಿಕೊಂಡಿದೆ ಅಂತ ಎಲ್ಲರೂ ನಂಬಿದರು. ಅವರ ಜತೆ ಕೆಲಸ ಮಾಡಿದ ಆಲ್ಬ್ರೆಕ್ಟ್‌ಸನ್ ಇತ್ತೀಚೆಗೆ ಬೇರೆಯೇ ಹೇಳುತ್ತಾರೆ: ದೇಹ ಅದನ್ನು ಹೊರಗಿನದೆಂದು ಗುರುತಿಸಿ, ಮೂಳೆಯಿಂದಲೇ ಬೇಲಿ ಹಾಕಿ ದೂರ ಇಟ್ಟಿದೆಯಂತೆ.

ಇಷ್ಟನ್ನೂ ಅಪ್ಪನಿಗೆ ಜಗಲಿಯಲ್ಲಿ ಕೂತು ಹೇಳಿದೆ. "ಹೊಸ ಬಟ್ಟಲು ಯಾವುದ್ರದ್ದು, ಕೇಳಿದ್ಯಾ?" ಅಂದರು. ಕೇಳಿದ್ದೆ. ಕ್ರಾಸ್‌ಲಿಂಕ್ ಮಾಡಿದ ಪಾಲಿಥಿಲೀನ್, ಸವೆತ ಕಮ್ಮಿ. "ಸರಿ, ಮೆಣಸು ಕೊಯ್ಲು ಮುಗೀಲಿ, ಹೋಗಣ" ಅಂದರು.