ಹಳದಿ ದೀಪದ ಹಿಂದಿನ ಕಥೆ

ಕಳೆದ ಮಾಘ ಮಾಸದಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು ಅರಸೀಕೆರೆಯಿಂದ ಹಾಸನಕ್ಕೆ ಹಿಂದಿರುಗುತ್ತಿದ್ದೆವು. ಸ್ಟೀರಿಂಗ್ ಚಕ್ರದ ಹಿಂಬದಿಯ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಇದ್ದಕ್ಕಿದ್ದಂತೆ ಹೊತ್ತಿಕೊಂಡಿತು. ಪಕ್ಕದಲ್ಲಿ ಕುಳಿತಿದ್ದ ನನ್ನ ಮನೆಯಾಕೆ, "ಇದೇನ್ರೀ ಹೊಸದು?" ಎಂದಳು. ಗಾಡಿಯ ಓಟದಲ್ಲಿ ವ್ಯತ್ಯಾಸವಿರಲಿಲ್ಲ. ಶಬ್ದವೂ ಎಂದಿನಂತೆಯೇ ಇತ್ತು. ಊರು ಸೇರಿದ ಮೇಲೂ ದೀಪ ಆರಲಿಲ್ಲ.

ಈ ಕಾರು 2013ರಲ್ಲಿ ನನ್ನ ಮಗ ಬೆಂಗಳೂರಿನಲ್ಲಿ ಕೊಂಡದ್ದು. ಅವನು ಪರದೇಶಕ್ಕೆ ಹೋಗುವಾಗ ನಮ್ಮಲ್ಲಿ ಬಿಟ್ಟುಹೋದ. ಮರುದಿನ ಒಂದು ಗ್ಯಾರೇಜಿಗೆ ಕೊಂಡೊಯ್ದೆ. ಅಲ್ಲಿಯ ಹುಡುಗ ಕೈಯಳತೆಯ ಯಂತ್ರವೊಂದನ್ನು ಸಿಕ್ಕಿಸಿ, ಎರಡೇ ನಿಮಿಷದಲ್ಲಿ "ಪಿ 0420 ಬರ್ತಾ ಇದೆ ಸಾರ್, ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಬದಲಾಯಿಸಬೇಕು" ಎಂದು ತೀರ್ಪು ಕೊಟ್ಟ. ಅವನು ಹೇಳಿದ ಮೊತ್ತ ನನ್ನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚಾಗಿತ್ತು. ಯೋಚಿಸಿ ಹೇಳುತ್ತೇನೆಂದು ಹಿಂದಿರುಗಿದೆ. ಚರಿತ್ರೆಯನ್ನು ಬೋಧಿಸಿದವನಾದ್ದರಿಂದ, ಈ ದೀಪ ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂಬುದನ್ನು ಮೊದಲು ತಿಳಿಯಬೇಕೆನಿಸಿತು. ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಾರಿನ ಫಲಕದಲ್ಲಿ ಎಚ್ಚರಿಕೆಯ ದೀಪಗಳನ್ನಿಡುವ ಪದ್ಧತಿ ಹಳೆಯದು. 1930ರ ದಶಕದಲ್ಲಿಯೇ ಅಮೆರಿಕದ ಹಡ್ಸನ್ ಕಂಪನಿ ಎಣ್ಣೆಯ ಒತ್ತಡವನ್ನು ತೋರುವ ಮುಳ್ಳಿಗೆ ಬದಲಾಗಿ ದೀಪವನ್ನಿಟ್ಟಿತು. ಅಂತಹ ದೀಪಗಳನ್ನು ಅಲ್ಲಿಯವರು 'ದಡ್ಡರ ದೀಪ' ಎಂದು ಹಾಸ್ಯ ಮಾಡಿದರು. ಆ ದೀಪಗಳು ಕಾರಿನ ಯಜಮಾನನ ಹಿತಕ್ಕಾಗಿ ಇದ್ದವು. ಹಳದಿ ದೀಪದ ವಂಶಾವಳಿ ಬೇರೆ. ಅದು ಹುಟ್ಟಿದ್ದು ಒಂದು ಊರಿನ ಗಾಳಿ ಕೆಟ್ಟದ್ದರಿಂದ.

1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣು ಉರಿಸುವ ದಟ್ಟ ಮಬ್ಬು ಕವಿಯಿತು. ಯುದ್ಧದ ಕಾಲವಾದ್ದರಿಂದ, ಜಪಾನೀಯರು ವಿಷಾನಿಲ ಪ್ರಯೋಗಿಸಿದರೆಂದು ಜನ ಹೆದರಿದರು. ಕಾರ್ಖಾನೆಗಳ ಮೇಲೆ ಅಪವಾದ ಬಂತು. ಆದರೂ ಮಬ್ಬು ಮತ್ತೆ ಮತ್ತೆ ಬಂತು. ಇದರ ಮೂಲವನ್ನು ಹಿಡಿದವರು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿತ್. ಹಾಲೆಂಡ್ ಮೂಲದ ಇವರು ಅನಾನಸ್ ಹಣ್ಣಿನ ಪರಿಮಳ ಯಾವ ಯಾವ ವಸ್ತುಗಳಿಂದ ಬರುತ್ತದೆಂದು ಸಂಶೋಧಿಸುತ್ತಿದ್ದವರು. ಅದೇ ವಿದ್ಯೆಯನ್ನು ಊರಿನ ಗಾಳಿಗೆ ಅನ್ವಯಿಸಿದರು. ವಾಹನಗಳೂ ಎಣ್ಣೆ ಶುದ್ಧೀಕರಣ ಘಟಕಗಳೂ ಹೊರಬಿಡುವ ಹೈಡ್ರೋಕಾರ್ಬನ್ನುಗಳು ಹಾಗೂ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನನ್ನು ಉಂಟುಮಾಡುತ್ತವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಪರಾಧಿ ಮನೆಮನೆಯ ಮುಂದೆಯೇ ನಿಂತಿತ್ತೆಂಬುದು ಯಾರಿಗೂ ಪ್ರಿಯವಾದ ಸುದ್ದಿಯಾಗಿರಲಿಲ್ಲ. ಮುಂದೆ ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷರಾದವರು ಇವರೇ.

1970ರಲ್ಲಿ ಅಮೆರಿಕದ ಶುದ್ಧ ವಾಯು ಶಾಸನ ಬಿಗಿಯಾಯಿತು. 1975ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಕ್ಯಾಟಲಿಟಿಕ್ ಕನ್ವರ್ಟರ್ ವ್ಯಾಪಕವಾಗಿ ಬಂತು. ಹೊಗೆಯ ಕೊಳವೆಯ ನಡುವೆ ಜೇನುಗೂಡಿನಂತಹ ರಂಧ್ರಗಳುಳ್ಳ ಒಂದು ಗಟ್ಟಿ. ಅದರ ಮೇಲೆ ಪ್ಲಾಟಿನಮ್ ಮೊದಲಾದ ಲೋಹಗಳ ತೆಳು ಲೇಪ. ವಿಷಾನಿಲಗಳು ಅದನ್ನು ಹಾಯ್ದು ಹೋಗುವಾಗ ಬಹುಪಾಲು ನಿರಪಾಯಕಾರಿಯಾಗುತ್ತವೆ. ಪೆಟ್ರೋಲಿನಲ್ಲಿ ಸೀಸ ಬೆರೆತಿದ್ದರೆ ಈ ಲೇಪ ಕೆಡುತ್ತದೆ. ನಮ್ಮ ದೇಶದಲ್ಲಿಯೂ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಕನ್ವರ್ಟರ್ ಮತ್ತು ಸೀಸರಹಿತ ಪೆಟ್ರೋಲ್ ಒಟ್ಟಿಗೇ ಬಂದದ್ದು ಇದೇ ಕಾರಣದಿಂದ. 2000ದ ಹೊತ್ತಿಗೆ ದೇಶದಾದ್ಯಂತ ಸೀಸ ನಿಂತಿತು.

ಆದರೆ ಒಂದು ತೊಡಕು ಉಳಿದಿತ್ತು. ಬ್ರೇಕು ಕೆಟ್ಟರೆ ಯಜಮಾನನಿಗೆ ಗೊತ್ತಾಗುತ್ತದೆ. ಕನ್ವರ್ಟರ್ ಕೆಟ್ಟರೆ ಗೊತ್ತಾಗಬೇಕೆಂದಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತಿರಬಹುದು. ಕೆಡುಕು ಹಿಂದೆ ಬರುವವರ ಪಾಲಿಗೆ. ಆದ್ದರಿಂದ ಗಾಡಿಯೇ ತನ್ನ ತಪ್ಪನ್ನು ಒಪ್ಪಿಕೊಳ್ಳುವಂತೆ ಮಾಡಬೇಕಾಯಿತು. 1980ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರುಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಗಣಕವೂ ಅದರೊಡನೆ ಈ ದೀಪವೂ ಬಂದವು. ಮೆಕ್ಯಾನಿಕ್ಕನು ಎರಡು ತುದಿಗಳನ್ನು ತಂತಿಯಿಂದ ಜೋಡಿಸಿದರೆ ದೀಪ ತಂತಿಕಚೇರಿಯ ಸಂಕೇತದಂತೆ ಮಿಟುಕುತ್ತಿತ್ತು: ಒಂದು ಮಿಟುಕು, ಬಿಡುವು, ಎರಡು ಮಿಟುಕು ಎಂದರೆ 12. ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಇಂತಹ ಸ್ವಯಂ ತಪಾಸಣೆಯನ್ನು ಕಡ್ಡಾಯಗೊಳಿಸಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ 16 ಪಿನ್ನುಗಳ ಕಿಂಡಿ, ಒಂದೇ ಬಗೆಯ ಸಂಕೇತಗಳು ಬಂದವು. ನಮ್ಮಲ್ಲಿ ಭಾರತ್ ಹಂತ 4ರ ಕಾರುಗಳಿಗೆ 2010ರ ಏಪ್ರಿಲ್‌ನಿಂದ ಇದರ ಮೊದಲ ಹಂತವೂ 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಜಾರಿಯಾದವು. ಆಗ ಆ ನಿಯಮ ಬೆಂಗಳೂರಿಗಿತ್ತು, ಹಾಸನಕ್ಕಿರಲಿಲ್ಲ. ಇಡೀ ದೇಶಕ್ಕೆ ಬಂದದ್ದು 2017ರಲ್ಲಿ. ಮಗನ ಕಾರು ಬೆಂಗಳೂರಿನದಾದ್ದರಿಂದಲೇ ಈ ದೀಪದ ಪೂರ್ಣ ವಿದ್ಯೆ ಅದರಲ್ಲಿತ್ತು.

ಇನ್ನು ಪಿ 0420 ಎಂದರೇನು? 'ಪಿ' ಎಂದರೆ ಎಂಜಿನ್ ಮತ್ತು ಗೇರುಗಳ ವಿಭಾಗ. '0' ಎಂದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ. '4' ಹೊಗೆ ನಿಯಂತ್ರಣದ ಸಾಧನಗಳನ್ನು ಸೂಚಿಸುತ್ತದೆ. ಒಟ್ಟು ಅರ್ಥ: ಕನ್ವರ್ಟರಿನ ಸಾಮರ್ಥ್ಯ ನಿಗದಿತ ಮಟ್ಟಕ್ಕಿಂತ ಕಡಿಮೆಯಾಗಿ *ಕಾಣುತ್ತಿದೆ*. ಗಣಕಕ್ಕೆ ಕನ್ವರ್ಟರಿನ ಒಳಗು ಕಾಣುವುದಿಲ್ಲ. ಅದರ ಹಿಂದೆ ಮುಂದೆ ಒಂದೊಂದು ಆಮ್ಲಜನಕದ ಸೆನ್ಸರ್ ಇದೆ. ಮುಂದಿನದರ ವೋಲ್ಟೇಜು ಏರಿಳಿಯುತ್ತಿರುತ್ತದೆ. ಕನ್ವರ್ಟರ್ ಕೆಲಸ ಮಾಡುತ್ತಿದ್ದರೆ ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಎರಡೂ ಒಂದೇ ತೆರನಾಗಿ ಕುಣಿಯತೊಡಗಿದರೆ ಗಣಕ ಸಂಶಯಪಡುತ್ತದೆ. ಸಾಮಾನ್ಯವಾಗಿ ಎರಡು ಪ್ರಯಾಣಗಳಲ್ಲಿ ಅದೇ ಕಂಡರೆ ದೀಪ ಹೊತ್ತಿಸುತ್ತದೆ. ಅಂದರೆ ಸಂಕೇತವು ರೋಗದ ಹೆಸರಲ್ಲ, ಲಕ್ಷಣದ ಹೆಸರು.

ಇಷ್ಟು ತಿಳಿದ ಮೇಲೆ, ಊರ ಹೊರಗೆ ಸಣ್ಣ ವರ್ಕ್‌ಷಾಪ್ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿ ಹೋದೆ. ಅವನು ಸಂಕೇತವನ್ನು ಬರೆದುಕೊಂಡನೇ ಹೊರತು ಅಳಿಸಲಿಲ್ಲ. "ಬ್ಯಾಟರಿ ತೆಗೆದು ಹಾಕಿದ್ರೆ ದೀಪ ಈಗಲೇ ಆರುತ್ತೆ ಮೇಷ್ಟ್ರೇ. ಆದ್ರೆ ಅದರಲ್ಲಿ ದಾಖಲಾದದ್ದೆಲ್ಲ ಹೋಗುತ್ತೆ, ನಮಗೇ ನಷ್ಟ" ಎಂದ. ಬಳಿಕ ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿಸಿ, ಹೊಗೆಕೊಳವೆಯ ತುದಿಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಒತ್ತಿಹಿಡಿದು ಕಿವಿಗೊಟ್ಟ. ಕೆಳಗಿನಿಂದ ಬುಸ್ ಬುಸ್ ಎಂಬ ಸಣ್ಣ ಸದ್ದು. ಕೊಳವೆಯ ಕೀಲಿನಲ್ಲಿದ್ದ ಗ್ಯಾಸ್ಕೆಟ್ ಸವೆದು, ಸುತ್ತ ಮಸಿ ಹಿಡಿದಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳಸೇರಿ ಹಿಂದಿನ ಸೆನ್ಸರನ್ನು ದಾರಿ ತಪ್ಪಿಸುತ್ತಿತ್ತು. ಕೆಲವು ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯಿತು. ನಾಲ್ಕು ತಿಂಗಳಾದರೂ ದೀಪ ಮತ್ತೆ ಹೊತ್ತಿಲ್ಲ.

"ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ ಮೇಷ್ಟ್ರೇ, ಕನ್ವರ್ಟರೇ ಹೋಗಿರೋದೂ ಉಂಟು" ಎಂದೂ ಅವನು ಹೇಳಿದ. ದೀಪ ಮಿಟುಕುತ್ತಿದ್ದರೆ ಮಾತ್ರ ಕಾಯಬೇಡಿ: ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುವ ಅಪಾಯವಿದೆ, ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಎಣ್ಣೆಯ ಕೆಂಪು ದೀಪ ಹೊತ್ತಿದರಂತೂ ಎಂಜಿನ್ನನ್ನು ಕೂಡಲೇ ಆರಿಸಬೇಕು.

ಅಂದು ಮನೆಗೆ ಬರುವಾಗ ನನಗೊಂದು ಹಳೆಯ ನೆನಪು ಬಂತು; ನಿಮ್ಮೊಡನೆ ಹೇಳಿಕೊಳ್ಳದಿದ್ದರೆ ಈ ಲೇಖನ ಅಪೂರ್ಣ. ಎಂಟನೆಯ ತರಗತಿಯ ಒಬ್ಬ ಹುಡುಗ ವರ್ಷವಿಡೀ ಕಡಿಮೆ ಅಂಕ ಪಡೆಯುತ್ತಿದ್ದ. ನಾನು ಅವನ ಅಂಕಪಟ್ಟಿಯಲ್ಲಿ ಕೆಂಪು ಶಾಯಿಯಿಂದ 'ಶ್ರದ್ಧೆ ಸಾಲದು' ಎಂದು ಮೂರು ಬಾರಿ ಬರೆದೆ. ಮರುವರ್ಷ ಶಾಲೆಗೆ ಬಂದ ವೈದ್ಯರು ಪರೀಕ್ಷಿಸಿದಾಗ ತಿಳಿಯಿತು: ಅವನಿಗೆ ಕಪ್ಪುಹಲಗೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಅಂಕಗಳು ಸುಳ್ಳು ಹೇಳಿರಲಿಲ್ಲ. ಓದಿದವನು ನಾನು, ತಪ್ಪಾಗಿ ಓದಿದೆ. ಅವನನ್ನು ಮೊದಲ ಬೆಂಚಿಗೆ ಕರೆದು ಕೂರಿಸಿ ನೋಡುವಷ್ಟು ವ್ಯವಧಾನ ನನಗಿರಲಿಲ್ಲ.

ನಿಮ್ಮ ಹಳೆಯ ಗಾಡಿಗಳಲ್ಲಿ ಈ ದೀಪ ಹೊತ್ತಿದರೆ ಬೈಯಬೇಡಿ, ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಲೂ ಬೇಡಿ. ಅದು ಬೆಳಗುವುದು ನಮಗಿಂತ ಹೆಚ್ಚಾಗಿ, ನಮ್ಮ ಹಿಂದೆ ಸೈಕಲ್ಲಿನಲ್ಲಿ ಬರುತ್ತಿರುವ ಮಗುವಿನ ಸಲುವಾಗಿ. ಸಂಕೇತವನ್ನು ಬರೆದಿಟ್ಟುಕೊಳ್ಳಿ, ಭಾಗ ಬದಲಾಯಿಸುವ ಮೊದಲು "ಬೇರೆ ಏನೇನನ್ನು ನೋಡಿದಿರಿ?" ಎಂದು ಕೇಳಿ. ನಿಮಗೂ ಇಂತಹ ಅನುಭವಗಳಾಗಿದ್ದರೆ ಬರೆದು ತಿಳಿಸಿ. ಓದಲು ನಾನೂ ಮನೆಯಾಕೆಯೂ ಕಾದಿರುತ್ತೇವೆ.