ಗುಂಡಿಗೂ ನಳಿಗೆಗೂ ನಡುವಿನ ತೆರಪು

1857ರ ತೋಟಾಗಳ ಪ್ರಸಂಗವನ್ನು ನಾವು ಧರ್ಮದ ಪ್ರಶ್ನೆಯಾಗಿಯೇ ಓದುತ್ತ ಬಂದಿದ್ದೇವೆ. ಅದರ ಹಿಂದೆ ಒಂದು ಅಳತೆಯೂ ಇದೆ. ಮೂತಿಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಗುಂಡು ನಳಿಗೆಗಿಂತ ತುಸು ಚಿಕ್ಕದಿರಬೇಕು; ಇಲ್ಲವಾದರೆ ಮಸಿ ಕಟ್ಟಿದ ಮೇಲೆ ಒಳಗಿಳಿಯದು. ಆ ತೆರಪನ್ನು ಹಿಂದೆ ಜಿಡ್ಡು ಸವರಿದ ಬಟ್ಟೆಯ ತುಂಡು ತುಂಬುತ್ತಿತ್ತು. ಎನ್‌ಫೀಲ್ಡ್ ರೈಫಲ್ಲಿನ ನಳಿಗೆ 0.577 ಅಂಗುಲ, ಗುಂಡು 0.568; ನಡುವಿನ ತೆರಪಿಗೆ ತೋಟಾದ ಜಿಡ್ಡುಗಾಗದ.

ಆ ಜಿಡ್ಡು ದನ-ಹಂದಿಗಳದೆಂಬ ಸುದ್ದಿ ಜನವರಿಯಲ್ಲಿ ದಮ್‌ದಮ್‌ನಿಂದ ಹಬ್ಬಿತು. ಸಿಪಾಯಿಗಳು ತಮಗೊಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಲು ಸರ್ಕಾರ ಅನುಮತಿಸಿತು. ಸಂಶಯ ಕಾಗದದ ಮೇಲೆಯೇ ತಿರುಗಿತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 85 ಸವಾರರು ತೋಟಾಗಳನ್ನು ನಿರಾಕರಿಸಿದರು. ಅಂದು ಕೊಟ್ಟವು ಹಳೆಯ ಬಗೆಯವೇ ಆಗಿದ್ದವು. ಅಷ್ಟರಲ್ಲಿ ಕೆಟ್ಟಿದ್ದುದು ಜಿಡ್ಡಲ್ಲ, ನಂಬಿಕೆ ಎಂದು ನಾವು ತಿಳಿಯಬೇಕು.